ಫೈನಲ್ ಫ್ಯಾಂಟಸಿಯಲ್ಲಿ ನನಗೆ ಯಾವುದು? ಪದೇ ಪದೇ ಕೇಳುವ ಪ್ರಶ್ನೆಗಳು

ಕುಂಬಳೆ, ಉಪ್ಪಳ, ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯ ಗೆಳೆಯರು ಮಾತಿನ ನಡುವೆ, ಪತ್ರಗಳಲ್ಲಿ, ಪ್ರತಿಕ್ರಿಯೆಗಳಲ್ಲಿ ಜಪಾನಿನ ವೀಡಿಯೊ ಗೇಮ್ ಸರಣಿ ಫೈನಲ್ ಫ್ಯಾಂಟಸಿಯ ಬಗ್ಗೆ ಮತ್ತೆ ಮತ್ತೆ ಎತ್ತುವ ಪ್ರಶ್ನೆಗಳಿವು. ಕೇಳಿದವರ ಮಾತಿನಲ್ಲೇ ಇಟ್ಟಿದ್ದೇವೆ. ಉತ್ತರಗಳಲ್ಲಿ ಕಥೆಯ ಗುಟ್ಟು ಬಿಟ್ಟುಕೊಟ್ಟಿಲ್ಲ. ಪ್ರತಿಸಲ ಉದ್ದ ಹೆಸರು ಬರೆಯುವ ಬದಲು ಆಟಗಳನ್ನು ಸಂಖ್ಯೆಯಿಂದಲೇ ಕರೆದಿದ್ದೇವೆ.

## ಇನ್ನೂ ಶುರು ಮಾಡದವರಿಗೆ

ಇಷ್ಟೆಲ್ಲ ಉಂಟಲ್ಲ, ಒಂದರಿಂದಲೇ ಆಡಿಕೊಂಡು ಬರಬೇಕಾ?

ಬೇಡ. 1987ರ ಡಿಸೆಂಬರಿನಲ್ಲಿ ಬಂದ ಮೊದಲನೆಯದರಿಂದ 2023ರ 16ರವರೆಗೆ ಒಂದೊಂದರದ್ದೂ ಬೇರೆ ಲೋಕ, ಬೇರೆ ಜನ. ಯಕ್ಷಗಾನದ ಪ್ರಸಂಗಗಳ ಹಾಗೆ: ನಿನ್ನೆಯ ಆಟ ತಪ್ಪಿದವನಿಗೆ ಇವತ್ತಿನದ್ದು ಅರ್ಥವಾಗದೆ ಹೋಗುವುದಿಲ್ಲ, ಆದರೆ ಬಣ್ಣದ ವೇಷ, ಹಾಸ್ಯಗಾರ ಎರಡರಲ್ಲೂ ಇರುತ್ತಾರೆ. ಇಲ್ಲಿ ಆ ಜಾಗದಲ್ಲಿ ಚೊಕೊಬೊ ಹಕ್ಕಿ, ಮೂಗಲ್ ಎಂಬ ಪುಟ್ಟ ಜೀವಿ, ಸಿಡ್ ಎಂಬ ಹೆಸರಿನ ಒಬ್ಬ, ಬಿದ್ದವರನ್ನು ಎಬ್ಬಿಸುವ ಫೀನಿಕ್ಸ್ ಡೌನ್.

ಜಾಗ್ರತೆ ಬೇಕಾದದ್ದು ಹೆಸರಿನಲ್ಲಿ ಎರಡೆರಡು ಸಂಖ್ಯೆ ಇರುವವುಗಳಲ್ಲಿ. 10-2, 13-2 ಇವು ನೇರ ಮುಂದುವರಿಕೆ. 13-2ರ ಬೆನ್ನಿಗೆ ಬಂದ ಲೈಟ್ನಿಂಗ್ ರಿಟರ್ನ್ಸ್ ಕೂಡ ಹಾಗೆಯೇ. ಮೂಲದ್ದನ್ನು ಮುಗಿಸದೆ ಇವಕ್ಕೆ ಕೈಹಾಕಬೇಡಿ.

ನನ್ನ ಹತ್ರ ಫೋನ್ ಮಾತ್ರ ಇರುವುದು. ಎಂತ ಆಡಬಹುದು?

ಬೇಕಾದಷ್ಟು. 1ರಿಂದ 6ರವರೆಗಿನ ಹಳೆಯ ಆಟಗಳನ್ನು ಹೊಸದಾಗಿಸಿದ ಪಿಕ್ಸೆಲ್ ರೀಮಾಸ್ಟರ್ ಆವೃತ್ತಿಗಳು 2021 ಮತ್ತು 2022ರಲ್ಲಿ ಫೋನಿಗೂ ಬಂದಿವೆ. 7, 8, 9 ಕೂಡ ಸಿಗುತ್ತವೆ. ಮೊದಲ ಸಲಕ್ಕೆ ನಾವು ಹೇಳುವುದು 9. ಕಾಳಗವೆಲ್ಲ ಮೆನು ಒತ್ತುವ ಬಗೆಯದು, ಬೆರಳಿಗೆ ಕಷ್ಟವಿಲ್ಲ. ಅದರ ನಿಧಾನದ ಕಾಳಗವನ್ನು ವೇಗಗೊಳಿಸುವ ಬಟನ್ನೂ ಫೋನಿನ ಆವೃತ್ತಿಯಲ್ಲಿದೆ. 7ರ ಬೈಕ್ ಓಟದಂಥ ಕಡೆಗಳಲ್ಲಿ ತೆರೆಯ ಮೇಲಿನ ಬಟನ್ ಕೈಕೊಡುತ್ತದೆ.

ಇವೆಲ್ಲ ಒಮ್ಮೆ ದುಡ್ಡು ಕೊಟ್ಟು ಕೊಳ್ಳುವ ಆಟಗಳು. ಇದೇ ಹೆಸರು ಹೊತ್ತು ಉಚಿತವಾಗಿ ಇಳಿದು, ಒಳಗೆ ಹೋದ ಮೇಲೆ ಚೀಟಿ ಎತ್ತಿಸಿ ದುಡ್ಡು ಕೀಳುವ ಆಟಗಳೂ ಉಂಟು. ಅವು ಈ ಸಾಲಿನವಲ್ಲ. ಆ್ಯಪ್ ತೆಗೆದುಹಾಕಿದರೆ ಸೇವ್ ಕೂಡ ಹೋಗಬಹುದು. ಹಾಗಾಗಿ ಮೊದಲು ಬ್ಯಾಕಪ್ ಆಗಿದೆಯೇ ನೋಡಿ.

ಕನ್ನಡ ಮೀಡಿಯಮ್ಮಿನಲ್ಲಿ ಕಲಿತವ. ಇಂಗ್ಲಿಷ್ ಓದಿ ಮುಗಿಯುವುದರೊಳಗೆ ಸಾಲು ಹೋಗ್ತದೆ. ನನಗೆ ಆಗುವಂಥದ್ದು ಯಾವುದು?

ಧ್ವನಿ ಇಲ್ಲದ ಆಟಗಳಿಂದ ಶುರು ಮಾಡಿ. 1ರಿಂದ 9ರವರೆಗಿನವುಗಳಲ್ಲಿ ಹೆಚ್ಚಿನ ಮಾತು ನೀವು ಬಟನ್ ಒತ್ತುವವರೆಗೂ ನಿಂತಿರುತ್ತದೆ. ಪಕ್ಕದಲ್ಲಿ ನಿಘಂಟು ಇಟ್ಟುಕೊಂಡೂ ಓದಬಹುದು. 2001ರ 10ರಿಂದ ಪಾತ್ರಗಳಿಗೆ ದನಿ ಬಂತು. ಅಲ್ಲಿಂದ ಸಾಲುಗಳು ಮಾತಿನ ಜೊತೆ ಓಡುತ್ತವೆ.

ಭಾಷೆಯ ಕಷ್ಟದ ಲೆಕ್ಕದಲ್ಲಿ 1 ಮತ್ತು 5 ಸುಲಭ. ದನಿ ಇರುವವುಗಳಲ್ಲಿ 10ರ ಇಂಗ್ಲಿಷ್ ಸರಳ. 12ರದ್ದು ಬೇಕೆಂದೇ ಹಳೆಯ ಕಾಲದ ಆಸ್ಥಾನದ ಇಂಗ್ಲಿಷ್, ಚೆನ್ನಾಗಿ ಓದುವವರೂ ತಡವರಿಸುತ್ತಾರೆ. ಅದನ್ನು ಆಮೇಲಿಗಿಡಿ. 13ರಲ್ಲಿ ನಡೆದದ್ದನ್ನೆಲ್ಲ ಬರೆದಿಡುವ ಡೇಟಾಲಾಗ್ ಉಂಟು. 16ರಲ್ಲಿ ದೃಶ್ಯವನ್ನು ಮಧ್ಯದಲ್ಲೇ ನಿಲ್ಲಿಸಿ, ಇವ ಯಾರು, ಆ ಊರು ಯಾವುದು ಎಂದು ಓದಿಕೊಳ್ಳಬಹುದು. ಇದು ಉಳಿದವುಗಳಲ್ಲೂ ಇರಬೇಕಿತ್ತು.

ಮಳೆಗಾಲದಲ್ಲಿ ಕರೆಂಟ್ ಹೋಗಿ ಎರಡು ಗಂಟೆಯ ಆಟ ನೀರಿನಲ್ಲಿ ಹೋಮ. ಎಂತ ಮಾಡುವುದು?

ಜೂನಿನಿಂದ ಸೆಪ್ಟೆಂಬರಿನವರೆಗೆ ಸೇವ್ ವ್ಯವಸ್ಥೆ ನೋಡಿಯೇ ಆಟ ಆರಿಸಿ. ಪಿಕ್ಸೆಲ್ ರೀಮಾಸ್ಟರುಗಳಲ್ಲಿ ಕಾಳಗದ ಹೊರಗೆ ಎಲ್ಲಿ ಬೇಕಾದರೂ ಕ್ವಿಕ್ ಸೇವ್ ಆಗುತ್ತದೆ. ಜಾಗ ಬದಲಿಸಿದಾಗ ತಾನಾಗಿಯೂ ಸೇವ್ ಆಗುತ್ತದೆ. 9ರ ಈಗಿನ ಆವೃತ್ತಿ ಮತ್ತು 12ರ ಜೋಡಿಯಾಕ್ ಏಜ್ ಆವೃತ್ತಿಗಳಲ್ಲೂ ಪ್ರದೇಶ ದಾಟುವಾಗ ಸೇವ್ ಆಗುತ್ತದೆ.

ತೊಂದರೆ ಕೊಡುವುದು 7ರ ಮೂಲ ಆವೃತ್ತಿ. ಅಲ್ಲಿ ಸೇವ್ ಪಾಯಿಂಟಿನಲ್ಲಿ ಅಥವಾ ಲೋಕದ ನಕ್ಷೆಯಲ್ಲಿದ್ದಾಗ ಮಾತ್ರ ಸೇವ್ ಮಾಡಬಹುದು. ಒಳಗಿನ ದಾರಿಗಳಲ್ಲಿ ಅರ್ಧ ಗಂಟೆ ಹಾಗೇ ನಡೆಯಬೇಕಾಗಿ ಬರುತ್ತದೆ. ಕನ್ಸೋಲನ್ನು ಇನ್ವರ್ಟರಿನ ಲೈನಿಗೆ ಕೊಟ್ಟರೂ, ಬದಲಾಗುವ ಆ ಕ್ಷಣದಲ್ಲಿ ಕೆಲವು ಇನ್ವರ್ಟರುಗಳು ಅದನ್ನು ಆರಿಸಿಬಿಡುತ್ತವೆ. ಯುಪಿಎಸ್ ಮೋಡ್ ಇದ್ದರೆ ಅದರಲ್ಲಿಡಿ. ಸೇವ್ ಬರೆಯುತ್ತಿರುವಾಗಲೇ ಕರೆಂಟ್ ಹೋದರೆ ಆ ಕಡತವೇ ಕೆಡಬಹುದು. ಆದ್ದರಿಂದ ಎರಡು ಸ್ಲಾಟುಗಳಲ್ಲಿ ಒಂದಾದ ಮೇಲೊಂದರಂತೆ ಸೇವ್ ಮಾಡುತ್ತಾ ಬನ್ನಿ.

ಮಾವ ದುಬೈಯಿಂದ ಡಿಸ್ಕ್ ತರ್ತಾರಂತೆ. ಇಲ್ಲಿಯ ಪಿಎಸ್‌ನಲ್ಲಿ ಓಡ್ತದಾ?

ಪಿಎಸ್4, ಪಿಎಸ್5 (ಪ್ಲೇಸ್ಟೇಷನ್) ಆಟದ ಡಿಸ್ಕುಗಳಿಗೆ ದೇಶದ ಬೀಗ ಇಲ್ಲ, ಧೈರ್ಯವಾಗಿ ತರಿಸಿ. ಬೀಗ ಇರುವುದು ಡಿಸ್ಕಿನ ನಂತರ ಕೊಳ್ಳುವ ಹೆಚ್ಚುವರಿ ಭಾಗಗಳಿಗೆ. ಆ ಡಿಸ್ಕ್ ಯಾವ ಪ್ರದೇಶದ್ದೋ ಅದೇ ಪ್ರದೇಶದ ಅಕೌಂಟಿನಿಂದ ಕೊಂಡರೆ ಮಾತ್ರ ಸೇರುತ್ತವೆ. 15ರಂತೆ ಹೆಚ್ಚುವರಿ ಕಥೆಗಳಿರುವ ಆಟವಾದರೆ ಹೆಚ್ಚಿನವು ಸೇರಿರುವ ರಾಯಲ್ ಎಡಿಷನ್ ತರಲು ಹೇಳಿ. ಆದರೆ ಅದರಲ್ಲೂ ಕೆಲವು ಭಾಗ ಕೋಡ್ ರೂಪದಲ್ಲಿರಬಹುದು. ಮಂಗಳೂರಿನಲ್ಲಿ ಸೆಕೆಂಡ್ ಹ್ಯಾಂಡ್ ಕೊಳ್ಳುವವರಿಗೂ ಇದೇ ಮಾತು: ಕೋಡ್ ಒಮ್ಮೆ ಬಳಸಿದರೆ ಮುಗಿಯಿತು.

7ನ್ನು ಹೊಸದಾಗಿ ಮಾಡಿದ ರೀಮೇಕ್ ಪಿಎಸ್4ಗೆ, ಅದರ ಮುಂದಿನ ಭಾಗ ರೀಬರ್ತ್ ಪಿಎಸ್5ಗೆ ಎರಡೆರಡು ಡಿಸ್ಕಿನಲ್ಲಿ ಬರುತ್ತವೆ. ಡೇಟಾ ಎಂದು ಬರೆದದ್ದು ಮೊದಲು, ಪ್ಲೇ ಎಂದು ಬರೆದದ್ದು ಆಮೇಲೆ. ಅಟ್ಟದಿಂದ ಇಳಿಸಿದ ಪಿಎಸ್2ಗೆ ಮಾತ್ರ ಪ್ರದೇಶದ ಬೀಗ ಉಂಟು. ಮನೆಯ ಪಿಎಸ್5 ಡಿಸ್ಕ್ ಡ್ರೈವ್ ಇಲ್ಲದ್ದಾದರೆ ಮಾವನಿಗೆ ಮೊದಲೇ ತಿಳಿಸಿಬಿಡಿ.

ಲ್ಯಾಪ್‌ಟಾಪಿಗೆ ಇಳಿಸಲು ಎಷ್ಟು ಜಿಬಿ ಬೇಕು?

ಹಳೆಯವು ಹಗುರ, 1ರಿಂದ 9ರವರೆಗೆ ಚಿಂತೆಯೇ ಬೇಡ. 12ಕ್ಕೆ 50, 13ಕ್ಕೆ 60 ಜಿಬಿ ಜಾಗ ಕೇಳುತ್ತಾರೆ. 15ಕ್ಕೆ 100, ರೀಬರ್ತಿಗೆ 155, 16ಕ್ಕೆ 170. ಕೊನೆಯ ಎರಡಕ್ಕೆ ಎಸ್ಎಸ್‌ಡಿ ಬೇಕೇ ಬೇಕು. ಮೊಬೈಲ್ ಹಾಟ್‌ಸ್ಪಾಟಿನ ದಿನದ 2 ಜಿಬಿಯಲ್ಲಿ 16 ಇಳಿಸಲು ಹೊರಟರೆ ಒಂದು ಮಳೆಗಾಲವೇ ಕಳೆಯುತ್ತದೆ. ಫೈಬರ್ ಇರುವ ಮನೆಯಲ್ಲೂ ತಿಂಗಳ ಮಿತಿ ನೋಡಿಕೊಳ್ಳಿ.

## ಯಾವುದು ಹಿಡಿಸುತ್ತದೆ ಎಂದು ಹುಡುಕುವವರಿಗೆ

ಎಲ್ಲರೂ 7 ಅಂತ್ಲೇ ಹೇಳ್ತಾರೆ. ನನಗೆ ಯಾವುದು ಹಿಡಿಸ್ತದೆ ಅಂತ ಆಡುವ ಮೊದಲೇ ಹೇಗೆ ಗೊತ್ತಾಗ್ತದೆ?

ಕಥೆಯನ್ನು ಬದಿಗಿಡಿ. 40 ಗಂಟೆಯ ಆಟದಲ್ಲಿ ಕಥೆಯನ್ನು ನೀವು ಒಮ್ಮೆ ನೋಡುತ್ತೀರಿ, ಮೆನುವಿನೊಳಗೆ ನೂರಾರು ಸಲ ಹೋಗುತ್ತೀರಿ. ಪಾತ್ರಗಳನ್ನು ಬೆಳೆಸುವ ಆ ಕೆಲಸ ನಿಮ್ಮ ಸ್ವಭಾವಕ್ಕೆ ಹೊಂದಿದರೆ ಆಟ ಹಿಡಿಸುತ್ತದೆ. ಹೊಂದದಿದ್ದರೆ ಎಷ್ಟು ಒಳ್ಳೆಯ ಕಥೆಯೂ ಹತ್ತು ಗಂಟೆಗೆ ಸಾಕೆನಿಸುತ್ತದೆ. ಮುಂದಿನದ್ದನ್ನು ಈ ಕಣ್ಣಿನಿಂದ ಓದಿ.

ಬೇರೆ ಬೇರೆ ಸೇರಿಸಿ ನೋಡುವ ಚಪಲ ಇದ್ದವರಿಗೆ 5 (1992). ಒಬ್ಬನಿಗೆ ಒಂದು ವೃತ್ತಿ ಕೊಟ್ಟು, ಅದರಲ್ಲಿ ಕಲಿತದ್ದನ್ನು ಇನ್ನೊಂದು ವೃತ್ತಿಗೆ ಹೊತ್ತುಕೊಂಡು ಹೋಗಬಹುದು. ಕಳ್ಳನ ಓಟ ಕಲಿತ ಮಾಂತ್ರಿಕ, ಎರಡು ಕೈಯಲ್ಲೂ ಕತ್ತಿ ಹಿಡಿದ ಬಿಲ್ಲುಗಾರ, ಏನು ಬೇಕಾದರೂ ಆಗುತ್ತದೆ. ಕಥೆ ತೆಳು. ಅದನ್ನು ಮುಚ್ಚಿಡುವುದಿಲ್ಲ.

ಯಾರಿಗೆ ಯಾವ ಕೆಲಸ ಎಂದು ಆಟವೇ ನಿರ್ಧರಿಸಿ ಕೊಡಲಿ ಎನ್ನುವವರಿಗೆ 4 ಅಥವಾ 9. 9ರಲ್ಲಿ ವಿವಿ ಮಾತ್ರ ಕಪ್ಪು ಮಂತ್ರ ಹಾಕುವವ, ಸ್ಟೈನರ್ ಕತ್ತಿಯವ. ವಿದ್ಯೆಗಳು ಆಯುಧ, ಅಂಗಿ, ಉಂಗುರಗಳಲ್ಲಿ ಅಡಗಿರುತ್ತವೆ. ತೊಟ್ಟುಕೊಂಡು ಸಾಕಷ್ಟು ಎಪಿ (ಕಾಳಗದಲ್ಲಿ ಸಿಗುವ, ವಿದ್ಯೆ ಕಲಿಸುವ ಅಂಕ) ಗಳಿಸಿದರೆ ವಿದ್ಯೆ ಶಾಶ್ವತ. ಹೊಸ ಕತ್ತಿ ಸಿಕ್ಕಿತೆಂದು ಹಳೆಯದನ್ನು ಕಲಿಯುವ ಮೊದಲೇ ಮಾರುವುದು ಇಲ್ಲಿ ಎಲ್ಲರೂ ಮಾಡುವ ತಪ್ಪು.

7ರ ಮಟೀರಿಯಾ ಇವೆರಡರ ನಡುವಿನದ್ದು. ವಿದ್ಯೆ ಇರುವುದು ಕಲ್ಲಿನಲ್ಲಿ. ಆ ಕಲ್ಲನ್ನು ಯಾರ ಆಯುಧಕ್ಕೆ ಬೇಕಾದರೂ ಕೂರಿಸಬಹುದು. ಹತ್ತು ನಿಮಿಷದಲ್ಲಿ ಅರ್ಥವಾಗುತ್ತದೆ, ಕೊನೆಯವರೆಗೂ ಹೊಸತು ಕೊಡುತ್ತದೆ. ಹೆಚ್ಚು ಜನಕ್ಕೆ ಇದು ಹಿಡಿಸಿದ್ದು ಬರೀ ಕಥೆಯಿಂದಲ್ಲ.

ಗಡಿಬಿಡಿ ಬೇಡ, ಯೋಚಿಸಿ ಆಡಬೇಕು ಎನ್ನುವವರಿಗೆ 10. ಸರದಿಯ ಪಟ್ಟಿ ತೆರೆಯ ಬದಿಯಲ್ಲೇ ಕಾಣುತ್ತದೆ, ನೀವು ಆರಿಸುವವರೆಗೆ ಶತ್ರು ಕಾಯುತ್ತದೆ. ಕಾಳಗದ ಮಧ್ಯದಲ್ಲೇ ಏಳು ಜನರಲ್ಲಿ ಯಾರನ್ನಾದರೂ ಒಳಗೆ ಕರೆಯಬಹುದು. ಬಂದು ಒಂದು ಕೆಲಸ ಮಾಡಿ ಹೋದವರಿಗೂ ಎಪಿ ಸಿಗುತ್ತದೆ. ಆದ್ದರಿಂದ ಎಲ್ಲರನ್ನೂ ಒಂದೊಂದು ಸರದಿಗೆ ಕರೆಯಿರಿ, ಯಾರೂ ಹಿಂದೆ ಬೀಳುವುದಿಲ್ಲ.

ಕೈಚಳಕವೇ ಮುಖ್ಯ ಎನ್ನುವವರಿಗೆ 16. ಬಟನ್ನಿನ ವೇಗ ಸಾಲದವರು ಆರಂಭದಲ್ಲೇ ಸಿಗುವ ಐದು ಉಂಗುರಗಳಲ್ಲಿ ಒಂದೆರಡು ತೊಡಿಸಲಿ. ಒಂದು ತಾನಾಗಿ ತಪ್ಪಿಸಿಕೊಳ್ಳುತ್ತದೆ, ಇನ್ನೊಂದು ತಾನಾಗಿ ಮದ್ದು ಕುಡಿಸುತ್ತದೆ.

ತಮ್ಮನಿಗೆ ಹದಿಮೂರು. ಯಾವುದು ಕೊಡಬಹುದು?

ಪಿಕ್ಸೆಲ್ ರೀಮಾಸ್ಟರುಗಳು ಮತ್ತು 9. 16 ವಯಸ್ಕರಿಗೆ ಮಾಡಿದ್ದು. ರಕ್ತ, ಬೈಗುಳ, ಹಾಸಿಗೆಯ ದೃಶ್ಯ ಎಲ್ಲ ಇದೆ. ಹಾಲ್‌ನ ಟಿವಿಯಲ್ಲಿ ಹಾಕುವ ಮೊದಲು ಯೋಚಿಸಿ.

7 ಆಡುವುದಾದ್ರೆ ಹಳೆಯದಾ, ರೀಮೇಕಾ?

ಹಳೆಯದು ಮೊದಲು. 2020ರ ರೀಮೇಕ್ ಪೂರ್ತಿ ಕಥೆಯಲ್ಲ. ಮೂಲದಲ್ಲಿ ಐದಾರು ಗಂಟೆಯಲ್ಲಿ ಮುಗಿಯುವ ಮಿಡ್ಗಾರ್ ನಗರದ ಭಾಗವನ್ನಷ್ಟೇ ಹಿಗ್ಗಿಸಿ ಒಂದು ಆಟ ಮಾಡಿದ್ದಾರೆ. 2024ರ ರೀಬರ್ತ್ ಅದರ ಮುಂದಿನ ಭಾಗ. ಇವು ಹಳೆಯ ಕಥೆಯನ್ನು ಇದ್ದಂತೆ ಹೇಳುವುದಿಲ್ಲ. ನಿಮಗೆ ಮೂಲ ಗೊತ್ತಿದೆ ಎಂದುಕೊಂಡೇ ಅದರ ಜೊತೆ ಆಟವಾಡುತ್ತವೆ. ಮೂಲ ತಿಳಿಯದವರಿಗೆ ಅರ್ಧ ರುಚಿ ಸಿಗುವುದೇ ಇಲ್ಲ. 1997ರ ಚೌಕ ಕೈಗಳ ಬೊಂಬೆಗಳಿಗೆ ಕಣ್ಣು ಎರಡು ದಿನದಲ್ಲಿ ಹೊಂದಿಕೊಳ್ಳುತ್ತದೆ.

ಮೂಲದಲ್ಲಿ ಒಂಬತ್ತು ಜನರಲ್ಲಿ ಇಬ್ಬರು, ಯೂಫಿ ಮತ್ತು ವಿನ್ಸೆಂಟ್, ನೀವು ಹುಡುಕದಿದ್ದರೆ ಸಿಗುವುದೇ ಇಲ್ಲ ಎಂಬುದು ನೆನಪಿರಲಿ.

8ರಲ್ಲಿ ಒಂದೊಂದೇ ಮಂತ್ರ ಎಳೆದೆಳೆದು ಸಾಕಾಯ್ತು. ಇದನ್ನು ಮೆಚ್ಚುವವರು ಹೇಗೆ ಆಡ್ತಾರೆ ಮಾರಾಯ್ರೆ?

ಅವರು ಎಳೆಯುವುದೇ ಇಲ್ಲ. ಶತ್ರುಗಳಿಂದ ಮಂತ್ರವನ್ನು ಡ್ರಾ ಮಾಡಿ, ಅಂದರೆ ಎಳೆದುಕೊಂಡು, ನೂರು ತುಂಬಿಸುವುದು ಆಟ ಮೊದಲು ಕಲಿಸುವ ದಾರಿ, ಆದರೆ ಅತ್ಯಂತ ಬೇಸರದ ದಾರಿ. ವಸ್ತುಗಳನ್ನು ಮಂತ್ರವಾಗಿ ಪರಿವರ್ತಿಸುವ ರಿಫೈನ್ ವಿದ್ಯೆಯೇ ಇದರ ಕೀಲಿ.

ಡೊಲೆಟ್ ಪಟ್ಟಣದ ಪರೀಕ್ಷೆಯ ಕೊನೆಯಲ್ಲಿ ಎದುರಾಗುವ ಎಲ್ವೊರೆಟ್ ಎಂಬ ಶತ್ರುವಿನಿಂದ ಸೈರೆನ್ ಎಂಬ ಕಾವಲು ಶಕ್ತಿಯನ್ನು ಡ್ರಾ ಮಾಡಿಕೊಳ್ಳಿ. ಈ ಒಂದನ್ನು ಮಾತ್ರ ಎಳೆಯಲೇಬೇಕು. ಅವಳಿಗೆ ಎಲ್ ಮ್ಯಾಗ್-ಆರ್‌ಎಫ್ ಎಂಬ ರಿಫೈನ್ ವಿದ್ಯೆ ಕಲಿಸಿದರೆ ಒಂದು ಟೆಂಟ್ ಹತ್ತು ಕ್ಯೂರಾಗ (ಗುಣಪಡಿಸುವ ಮಂತ್ರ) ಆಗುತ್ತದೆ. ಅಂಗಡಿಯಲ್ಲಿ ಹತ್ತು ಟೆಂಟ್ ಕೊಂಡರೆ ನೂರು. ಇನ್ನೊಂದು ಕಾವಲು ಶಕ್ತಿ ಕ್ವೆಜಾಕೋಟ್ಲ್‌ನ ಎಚ್‌ಪಿ-ಜೆ ವಿದ್ಯೆಯಿಂದ ಅದನ್ನು ಎಚ್‌ಪಿಗೆ (ಆಯುಷ್ಯಕ್ಕೆ) ಜಂಕ್ಷನ್ ಮಾಡಿದರೆ, ಅಂದರೆ ಜೋಡಿಸಿದರೆ, ಆರಂಭದಲ್ಲೇ ಆಯುಷ್ಯ ಎಷ್ಟೋ ಪಟ್ಟು ಏರುತ್ತದೆ. ಬಾಲಂಬ್ ಕಡಲ ತೀರದಲ್ಲಿ ಸಿಗುವ ಮೀನು ಶತ್ರುಗಳ ಫಿಶ್ ಫಿನ್ ಐದು ಸೇರಿಸಿ, ಶಿವಾಳ ಐ ಮ್ಯಾಗ್-ಆರ್‌ಎಫ್‌ನಿಂದ ನೂರು ವಾಟರ್ ಮಾಡಿ. ಅದನ್ನು ಇಫ್ರಿಟ್‌ನ ಸ್ಟ್ರ್-ಜೆಯಿಂದ ಏಟಿನ ಬಲಕ್ಕೆ ಜೋಡಿಸಿ.

ಎಡವುವ ಕಡೆ ಎರಡು. ಜಂಕ್ಷನ್ ಮಾಡಿದ ಮಂತ್ರವನ್ನೇ ಕಾಳಗದಲ್ಲಿ ಹಾಕಿದರೆ ಸಂಖ್ಯೆ ಇಳಿಯುತ್ತದೆ, ಜೊತೆಗೆ ಬಲವೂ. ಇನ್ನೊಂದು, ಲೆವೆಲ್ ಏರಿಸಲು ಕಾದಾಡುವುದು. ನಿಮ್ಮ ಲೆವೆಲಿನ ಜೊತೆ ಶತ್ರುಗಳದ್ದೂ ಏರುತ್ತದೆ, ಹಾಗಾಗಿ ಇಲ್ಲಿ ದುಡಿದಷ್ಟೂ ಕಷ್ಟ. ಶತ್ರುವನ್ನು ಕೊಲ್ಲದೆ ಕಾರ್ಡ್ ವಿದ್ಯೆಯಿಂದ ಎಲೆಯಾಗಿಸಿದರೆ ಎಕ್ಸ್‌ಪಿ (ಲೆವೆಲ್ ಏರಿಸುವ ಅಂಕ) ಬರುವುದಿಲ್ಲ, ಎಪಿ ಬರುತ್ತದೆ. ಬೇಕಾದದ್ದೂ ಅದೇ. ದುಡ್ಡು ಸಾಲದಿದ್ದರೆ ಮೆನುವಿನ ಟ್ಯುಟೋರಿಯಲ್ ಒಳಗೆ ಹೌದು-ಅಲ್ಲ ಎಂದು ಉತ್ತರಿಸುವ 30 ಪರೀಕ್ಷೆಗಳಿವೆ. ಒಂದೊಂದು ಪಾಸಾದ ಹಾಗೆ ಸಂಬಳ ಏರುತ್ತದೆ.

12 ತಾನೇ ಆಡ್ತದೆ, ನಾವು ಎಂತಕ್ಕೆ ಅಂತ ಅಣ್ಣ ಹೇಳ್ತಾನೆ. ಹೌದಾ?

ಯಾವಾಗ ಏನು ಮಾಡಬೇಕೆಂದು ಪಾತ್ರಗಳಿಗೆ ಹೇಳುವ ಗ್ಯಾಂಬಿಟ್ ಪಟ್ಟಿಯನ್ನು ನೀವು ಬರೆದ ಮೇಲೆ ತಾನೇ ಆಡುತ್ತದೆ. ಆಟ ಇರುವುದು ಆ ಬರೆಯುವುದರಲ್ಲೇ. ಪಟ್ಟಿಯನ್ನು ಮೇಲಿನಿಂದ ಕೆಳಕ್ಕೆ ಓದಿ, ಮೊದಲು ಹೊಂದಿದ ಸಾಲನ್ನು ಪಾತ್ರ ಮಾಡುತ್ತದೆ. ಶುರುವಿಗೆ ಹೀಗಿಡಿ:

1. ಮಿತ್ರ, ಯಾರಾದರೂ: ಫೀನಿಕ್ಸ್ ಡೌನ್
2. ಮಿತ್ರ, ಎಚ್‌ಪಿ 50%ಕ್ಕಿಂತ ಕಡಿಮೆ: ಕ್ಯೂರ್
3. ಶತ್ರು, ನಾಯಕನ ಗುರಿ: ಅಟ್ಯಾಕ್

ಅಟ್ಯಾಕನ್ನು ಮೇಲಿಟ್ಟವರ ಪಾತ್ರಗಳು ಪಕ್ಕದವ ಸಾಯುತ್ತಿದ್ದರೂ ಹೊಡೆಯುತ್ತಲೇ ಇರುತ್ತವೆ. ಶತ್ರು ಎದುರಿಗಿರುವಷ್ಟು ಹೊತ್ತು ಆ ಸಾಲು ಹೊಂದುತ್ತಲೇ ಇರುವುದರಿಂದ ಕೆಳಗಿನ ಸಾಲಿನವರೆಗೆ ಓದುವುದೇ ಇಲ್ಲ. ನಾಯಕನಿಗೆ ಮೂರನೆಯ ಸಾಲಿನ ಬದಲು ‘ಶತ್ರು, ಹತ್ತಿರದ್ದು’ ಕೊಡಿ. ಇಲ್ಲದಿದ್ದರೆ ಮೊದಲ ಏಟು ಯಾರೂ ಹೊಡೆಯುವುದಿಲ್ಲ.

ಈ ಸರಣಿಯಲ್ಲಿ ಇಷ್ಟು ತಲೆ ಓಡಿಸುವ ಕಾಳಗ ಇನ್ನೊಂದಿಲ್ಲ ಎಂಬುದು ನಮ್ಮ ಅಭಿಪ್ರಾಯ. ಅಣ್ಣ ಒಪ್ಪಲಿಕ್ಕಿಲ್ಲ.

13ಕ್ಕೆ ಜನ ಯಾಕೆ ಅಷ್ಟು ಬೈಯುವುದು?

13 ಅಧ್ಯಾಯಗಳಲ್ಲಿ ಮೊದಲ ಹತ್ತು ಹೆಚ್ಚುಕಡಿಮೆ ಒಂದೇ ಓಣಿ. ಬಯಲು ತೆರೆಯುವುದು 11ರಲ್ಲಿ. ಬೆಳವಣಿಗೆಯ ಚಕ್ರಕ್ಕೂ ಅಧ್ಯಾಯಕ್ಕೊಂದು ಮಿತಿ ಇರುವುದರಿಂದ ಹಿಂದೆ ಉಳಿದು ಬಲ ಹೆಚ್ಚಿಸಿಕೊಳ್ಳುವ ದಾರಿಯೂ ಇಲ್ಲ. ಕಾಳಗದಲ್ಲಿ ನಾಯಕ ಬಿದ್ದರೆ ಉಳಿದವರು ನಿಂತಿದ್ದರೂ ಸೋಲು. ದೂರು ನ್ಯಾಯವಾದದ್ದೇ. ಆದರೆ ಪ್ಯಾರಡೈಮ್ (ತಂಡದಲ್ಲಿ ಯಾರಿಗೆ ಯಾವ ಕೆಲಸ ಎಂಬ ಹಂಚಿಕೆ) ಬದಲಿಸುತ್ತಾ ಶತ್ರುವನ್ನು ತತ್ತರಿಸುವಂತೆ ಮಾಡುವ ಕಾಳಗ ಹಿಡಿಸಿದವರು ಆ ಓಣಿಯನ್ನು ಗಮನಿಸುವುದೂ ಇಲ್ಲ.

14ಕ್ಕೆ ತಿಂಗಳ ದುಡ್ಡು ಕೊಡ್ಬೇಕಂತೆ. ಕೊಡದೆ ನೋಡ್ಲಿಕ್ಕೆ ಆಗ್ತದಾ?

ಆಗುತ್ತದೆ. ಇದು ಆನ್‌ಲೈನ್ ಆಟ. ಉಚಿತ ಟ್ರಯಲ್‌ನಲ್ಲಿ 70ನೆಯ ಲೆವೆಲಿನವರೆಗೆ, ಮೂಲ ಕಥೆಯ ಜೊತೆ ಎರಡು ವಿಸ್ತರಣೆಗಳನ್ನೂ ದಿನದ ಲೆಕ್ಕವಿಲ್ಲದೆ ಆಡಬಹುದು. ಮಾರುಕಟ್ಟೆಯಲ್ಲಿ ಕೊಳ್ಳುವಂತಿಲ್ಲ, ಚಿನ್ನ 3 ಲಕ್ಷ ಮೀರಿ ಇಟ್ಟುಕೊಳ್ಳುವಂತಿಲ್ಲ. ಒಮ್ಮೆ ಆಟ ಕೊಂಡ ಅಕೌಂಟ್ ಮತ್ತೆ ಟ್ರಯಲ್‌ಗೆ ಇಳಿಯುವುದಿಲ್ಲ. ರಿಯಾಯಿತಿ ಕಂಡು ಆತುರದಲ್ಲಿ ಕೊಳ್ಳಬೇಡಿ.

## ಎರಡು ಮೂರು ಮುಗಿಸಿದವರಿಗೆ

ಎಷ್ಟು ಆಡಿದ ಮೇಲೆ ‘ಇದು ನನಗಲ್ಲ’ ಅಂತ ಬಿಡಬಹುದು?

ಆಯಾ ಆಟ ತನ್ನ ನಿಜ ರೂಪ ತೋರಿಸುವ ಜಾಗದವರೆಗೆ. 5ರಲ್ಲಿ ಎರಡನೆಯ ಸ್ಫಟಿಕ. 7ರಲ್ಲಿ ಮಿಡ್ಗಾರ್‌ನಿಂದ ಹೊರಬೀಳುವುದು. 8ರಲ್ಲಿ ಡೊಲೆಟ್ ಪರೀಕ್ಷೆ, 9ರಲ್ಲಿ ಲಿಂಡ್‌ಬ್ಲಮ್ ಪಟ್ಟಣ, 10ರಲ್ಲಿ ಲೂಕಾದ ಬ್ಲಿಟ್ಜ್‌ಬಾಲ್ ಪಂದ್ಯ, 12ರಲ್ಲಿ ಬಾರ್ಹೈಮ್ ಸುರಂಗ. 6ಕ್ಕೆ ಮಾತ್ರ ಅರ್ಧದವರೆಗೆ ಕಾಯಬೇಕು. ಅಲ್ಲಿಂದ ಮುಂದೆ ಅದು ಬೇರೆಯೇ ಆಟ.

6 ದೊಡ್ಡದಾ, 7 ದೊಡ್ಡದಾ? ನಮ್ಮಲ್ಲಿ ಜಗಳ ಮುಗಿಯುವುದಿಲ್ಲ.

ಎರಡು ಬೇರೆ ಪ್ರಶ್ನೆಗಳನ್ನು ಒಂದಾಗಿಸಿದ್ದಕ್ಕೇ ಜಗಳ. ಯಾವುದು ಚೆನ್ನಾಗಿ ಕಟ್ಟಿದ ಆಟ ಎಂಬುದು ಒಂದು, ಯಾವುದು ನಿಮಗೆ ಬೇಕು ಎಂಬುದು ಇನ್ನೊಂದು. ಎರಡನೆಯದಕ್ಕೆ ಒಂದು ಪರೀಕ್ಷೆ: ಎರಡನ್ನೂ ಹೊಸದಾಗಿ ಶುರು ಮಾಡಿ, ಮೊದಲ ಮೂರು ಗಂಟೆ ಆಡಿ ನಿಲ್ಲಿಸಿ. ಮಾರನೆ ದಿನ ಯಾವುದರ ಸೇವ್ ತೆರೆಯಲು ಕೈ ಹೋಗುತ್ತದೆ ನೋಡಿ. ಕಥೆ ಗೊತ್ತಿದ್ದೂ ಕೈ ಹೋದರೆ ಅದೇ.

ವಾದಕ್ಕೇ ಇಳಿಯುವುದಾದರೆ, 6ರ ಹೆಚ್ಚುಗಾರಿಕೆ 14 ಪಾತ್ರಗಳಲ್ಲಿ ಒಬ್ಬನೇ ನಾಯಕನಿಲ್ಲದೆಯೂ ಕಥೆ ಗಟ್ಟಿಯಾಗಿ ನಿಲ್ಲುವುದು. ಅದರ ದೌರ್ಬಲ್ಯ, ಕೊನೆಗೆ ಎಲ್ಲರೂ ಎಲ್ಲ ಮಂತ್ರ ಕಲಿತು ಒಬ್ಬರಿಗೊಬ್ಬರು ವ್ಯತ್ಯಾಸವೇ ಉಳಿಯದಿರುವುದು. 7ರಲ್ಲೂ ಅದೇ ದೌರ್ಬಲ್ಯ ಇದೆ, ಆದರೆ ಕಲ್ಲುಗಳಿಗೆ ಜಾಗ ಸೀಮಿತವಾದ್ದರಿಂದ ಆಯ್ಕೆ ಉಳಿಯುತ್ತದೆ.

ಹಳಬರು ‘3’ ಅಂತ ಹೊಗಳುವುದು ಯಾವುದನ್ನು? ನಾನು ಆಡಿದ 3ರಲ್ಲಿ ಅವರು ಹೇಳುವ ಯಾರೂ ಇಲ್ಲ.

ಅವರು ಹೇಳುವುದು 6. ಜಪಾನಿನ 2, 3, 5 ಆಗ ಅಮೆರಿಕಕ್ಕೆ ಹೋಗಲಿಲ್ಲ. ಹಾಗಾಗಿ ಅಲ್ಲಿ 4ನ್ನು ‘2’ ಎಂದೂ 6ನ್ನು ‘3’ ಎಂದೂ ಮಾರಿದರು. 1997ರ 7ರಿಂದ ಎಲ್ಲ ಕಡೆ ಒಂದೇ ಸಂಖ್ಯೆ. ನಿಜವಾದ 3 ಮೊದಲ ಸಲ ಇಂಗ್ಲಿಷಿನಲ್ಲಿ ಬಂದದ್ದು 2006ರಲ್ಲಿ, ನಿಂಟೆಂಡೊ ಡಿಎಸ್‌ಗೆ.

## ಪಳಗಿದವರಿಗೆ

ಒಂದೇ ಆಟದ ನಾಲ್ಕು ಆವೃತ್ತಿ ಇದ್ದರೆ ಯಾವುದನ್ನು ಲೆಕ್ಕಕ್ಕೆ ಹಿಡಿಯುವುದು?

ನೀವು ಮುಗಿಸಿದ್ದನ್ನು. ಆದರೆ ಇನ್ನೊಬ್ಬರ ಜೊತೆ ಹೋಲಿಸುವಾಗ ಆವೃತ್ತಿ ಹೇಳಿ, ಏಕೆಂದರೆ ವ್ಯತ್ಯಾಸ ಸಣ್ಣದಲ್ಲ. 1994ರಲ್ಲಿ ನಿಂಟೆಂಡೊದ ಸೂಪರ್ ಫ್ಯಾಮಿಕಾಮ್ ಕನ್ಸೋಲಿಗೆ ಬಂದ 6ರಲ್ಲಿ ಏಟು ತಪ್ಪಿಸುವ ಗುಣ ದೋಷದಿಂದಾಗಿ ಕೆಲಸವನ್ನೇ ಮಾಡುತ್ತಿರಲಿಲ್ಲ. ಮಂತ್ರ ತಪ್ಪಿಸುವ ಗುಣವೇ ಎರಡಕ್ಕೂ ಲೆಕ್ಕವಾಗುತ್ತಿತ್ತು. ಈಗಿನದರಲ್ಲಿ ಸರಿಯಾಗಿದೆ, ಹಾಗಾಗಿ ಹಳೆಯ ಸಲಹೆಗಳು ಹೊಂದುವುದಿಲ್ಲ. ಡಿಎಸ್‌ನ 3ರಲ್ಲಿ ನಾಲ್ವರಿಗೆ ಹೆಸರು, ಹಿನ್ನೆಲೆ ಕೊಟ್ಟರು. ಪಿಕ್ಸೆಲ್ ರೀಮಾಸ್ಟರಿನಲ್ಲಿ ಅವರು ಮತ್ತೆ ಹೆಸರಿಲ್ಲದ ಅನಾಥರು.

2006ರ ಪಿಎಸ್2 12ರಲ್ಲಿ ನಾಲ್ಕು ನಿರ್ದಿಷ್ಟ ಪೆಟ್ಟಿಗೆಗಳಲ್ಲಿ ಒಂದನ್ನು ತೆರೆದರೂ ನಬುಡಿಸ್ ಎಂಬ ಜಾಗದಲ್ಲಿ ಇಟ್ಟ ಅತಿ ಬಲದ ಈಟಿ ತಪ್ಪುತ್ತಿತ್ತು. ಆಟದಲ್ಲಿ ಅದರ ಸುಳಿವೇ ಇಲ್ಲ. ಜೋಡಿಯಾಕ್ ಏಜ್‌ನಲ್ಲಿ ಆ ಕಿರಿಕಿರಿ ತೆಗೆದು, ಒಬ್ಬೊಬ್ಬರಿಗೆ ಎರಡು ವೃತ್ತಿ ಕೊಟ್ಟಿದ್ದಾರೆ.

5 ಮೂರು ಸಲ ಮುಗಿಸಿದೆ. ಇನ್ನೂ ಬೇಕು. ಎಂತ ಮಾಡ್ಲಿ?

ಫೋರ್ ಜಾಬ್ ಫಿಯೆಸ್ತಾ ನಿಯಮದಲ್ಲಿ ಆಡಿ. ಒಂದೊಂದು ಸ್ಫಟಿಕ ಸಿಕ್ಕಾಗ ಅದರ ವೃತ್ತಿಗಳ ಹೆಸರು ಚೀಟಿಯಲ್ಲಿ ಬರೆದು ಒಂದನ್ನು ಎತ್ತಿ. ಕೊನೆಗೆ ನಾಲ್ಕು ವೃತ್ತಿ, ನಾಲ್ಕು ಜನ, ಬೇರೆ ಏನೂ ಇಲ್ಲ. ಬರ್ಸರ್ಕರ್ ಬಂದರೆ ಅಳಬೇಡಿ. ಅವನು ಮಾತು ಕೇಳುವುದಿಲ್ಲ, ಆದರೆ ಸುತ್ತಿಗೆ ಕೊಟ್ಟರೆ ಏಟು ಜೋರು.

10 ಎಚ್‌ಡಿಯಲ್ಲಿ ಬೆಸೈಡ್‌ಗೆ ವಾಪಸ್ ಹೋದರೆ ದಾರಿಯಲ್ಲೇ ಸಾಯಿಸ್ತದೆ. ಹಳೆಯದರಲ್ಲಿ ಹೀಗಿರಲಿಲ್ಲವಲ್ಲ?

ಜಪಾನಿನಲ್ಲೂ ಅಮೆರಿಕದಲ್ಲೂ ಮೊದಲು ಬಂದ ಡಿಸ್ಕಿನಲ್ಲಿ ಇರಲಿಲ್ಲ. ಎಚ್‌ಡಿ ಆವೃತ್ತಿಯನ್ನು ಇಂಟರ್‌ನ್ಯಾಷನಲ್ ಆವೃತ್ತಿಯ ಮೇಲೆ ಕಟ್ಟಿದ್ದರಿಂದ ಡಾರ್ಕ್ ಇಯಾನ್‌ಗಳು (ಕರೆದರೆ ನೆರವಿಗೆ ಬರುವ ಇಯಾನ್ ಶಕ್ತಿಗಳ ಶತ್ರು ರೂಪಗಳು) ಬಂದಿವೆ. ವಿಮಾನ ಸಿಕ್ಕಿದ ಮೇಲೆ ಬೆಸೈಡ್ ಹಳ್ಳಿಯ ಬಾಗಿಲಲ್ಲಿ ಡಾರ್ಕ್ ವಾಲೆಫೋರ್ ಕಾಯುತ್ತಿರುತ್ತದೆ, ಎಚ್‌ಪಿ 8 ಲಕ್ಷ. ಏಟಿನ ಮಿತಿ 9,999 ದಾಟದ ತಂಡಕ್ಕೆ ಕನಿಷ್ಠ 81 ಏಟು ಬೇಕು, ಅದು ಅಷ್ಟು ಹೊತ್ತು ಬಿಡುವುದಿಲ್ಲ. ಮಕಲಾನಿಯಾ ಗುಡಿಯ ಎದುರು ಡಾರ್ಕ್ ಶಿವಾ ಇದೇ ರೀತಿ ನಿಲ್ಲುತ್ತಾಳೆ.

ಮೊದಲ ಸಲ ಹೋದಾಗಲೇ ಈ ಎರಡೂ ಗುಡಿಗಳ ಡಿಸ್ಟ್ರಕ್ಷನ್ ಸ್ಫಿಯರ್ ಎಂಬ ಗೋಳ ಬಳಸಿ ಒಳಗಿನ ಪೆಟ್ಟಿಗೆ ತೆರೆದುಬಿಡಿ. ಆನಿಮಾ ಎಂಬ ಇಯಾನ್ ಬೇಕಾದವರಿಗೆ ಅವು ಅನಿವಾರ್ಯ. ತಪ್ಪಿಸಿಕೊಂಡವರಿಗೆ ಉಳಿದ ಒಳದಾರಿ ಯೊಜಿಂಬೊ ಎಂಬ ಇಯಾನ್. ಅವನಿಗೆ ದುಡ್ಡು ಸುರಿದು ಜನ್ಮಾಟೊ ಎಂಬ ಏಟು ಹೊಡೆಸಿದರೆ ಡಾರ್ಕ್ ವಾಲೆಫೋರ್ ಒಂದೇ ಏಟಿಗೆ ಬೀಳುತ್ತದೆ. ದುಡ್ಡು ಕೊಟ್ಟರೂ ಅವನು ಹೊಡೆದೇ ಹೊಡೆಯುತ್ತಾನೆಂಬ ಖಾತ್ರಿಯಿಲ್ಲ. ಹೋಗುವ ಮೊದಲು ಬೇರೆ ಸ್ಲಾಟಿನಲ್ಲಿ ಸೇವ್ ಮಾಡಿ.